ಹನ್ನೊಂದನೆಯ ಪ್ರಶ್ನೆ

ಲಕೋಟೆ ಬಂದದ್ದು ಸೋಮವಾರ. ಗಿರಿಜವ್ವ ಅದನ್ನು ಒಡೆಯದೆ ಸೆರಗಿನಲ್ಲಿ ಸುತ್ತಿಕೊಂಡು ಶಿರಸಿಯ ಮಾಮಲೇದಾರ ಕಚೇರಿಯ ಜಗಲಿಗೆ ತಂದಳು. ಅಲ್ಲಿ ಒಂದು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ನನ್ನ ಕೆಲಸ.

"ಶಿವಲಿಂಗಣ್ಣಾರ, ಬೊಂಬಾಯಿದು ಬಂತ್ರಿ. ಯಾವಾಗ ಹೊಂಡಬೇಕಂತ, ನೋಡ್ರಿ" ಎಂದಳು.

ಅವಳ ಗಂಡ ಚಂದ್ರಶೇಖರಪ್ಪ ಹುಬ್ಬಳ್ಳಿಯಲ್ಲಿ ಲಾರಿ ರಿಪೇರಿ ಕಲಿತವನು. ಎರಡು ವರ್ಷದ ಹಿಂದೆ, ೧೯೬೩ರಲ್ಲಿ, ಕೆಲಸದ ಪರವಾನಗಿ ಪಡೆದು ಇಂಗ್ಲೆಂಡಿಗೆ ಹೋಗಿ ಬಸ್ ಡಿಪೋ ಒಂದರಲ್ಲಿ ಸೇರಿಕೊಂಡಿದ್ದ. ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಅಲ್ಲಿಂದ ಅವನೊಂದು ಫಾರಂ ಕಳಿಸಬೇಕು, ಇಲ್ಲಿಂದ ಅವಳೊಂದು ಫಾರಂ ಪ್ರಮಾಣ ಮಾಡಿ ಬೊಂಬಾಯಿಯಲ್ಲಿರುವ ಇಂಗ್ಲೆಂಡಿನವರ ಕಚೇರಿಗೆ ಕಳಿಸಬೇಕು. ಅವಳ ಫಾರಂ ತುಂಬಿದವನು ನಾನು. ನನ್ನದು ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷು. ಒಂದೊಂದು ಪದವನ್ನೂ ಎರಡೆರಡು ಸಲ ನಿಘಂಟಿನಲ್ಲಿ ನೋಡಿಯೇ ಬರೆದಿದ್ದೆ.

ಕಾಗದವನ್ನು ಮೂರು ಸಲ ಓದಿದೆ. ನಾನೇ ತಪ್ಪು ತಿಳಿದಿರಬಹುದು ಎಂಬ ಆಸೆಯಿಂದ ನಾಲ್ಕನೆಯ ಸಲವೂ ಓದಿದೆ. ಹನ್ನೊಂದನೆಯ ಪ್ರಶ್ನೆಗೆ ಗಂಡ ಕೊಟ್ಟ ಉತ್ತರಕ್ಕೂ ಹೆಂಡತಿ ಕೊಟ್ಟ ಉತ್ತರಕ್ಕೂ ತಾಳೆಯಾಗುವುದಿಲ್ಲ. ಈಕೆ ಮೊದಲು ವಿಧವೆಯಾಗಿದ್ದಳೆಂದು ಆತ ಬರೆದಿದ್ದಾನೆ. ತನಗೆ ಮೊದಲು ಮದುವೆಯೇ ಆಗಿರಲಿಲ್ಲವೆಂದು ಈಕೆ ಪ್ರಮಾಣ ಮಾಡಿದ್ದಾಳೆ. ಮೂವತ್ತು ದಿನದೊಳಗೆ ಹೊಸ ಫಾರಂ ಮತ್ತು ಮದುವೆಯನ್ನು ಕಣ್ಣಾರೆ ಕಂಡ ಇಬ್ಬರ ಪ್ರಮಾಣಪತ್ರ ಮುಟ್ಟದಿದ್ದರೆ ಅರ್ಜಿ ತಿರಸ್ಕೃತ.

ಆ ಪ್ರಶ್ನೆಯನ್ನು ನಾನು ಗಿರಿಜವ್ವನಿಗೆ ಕೇಳಿಯೇ ಇರಲಿಲ್ಲ.

ನಮ್ಮಲ್ಲಿ ಗಂಡ ಸತ್ತ ಹೆಣ್ಣಿಗೆ ಮತ್ತೆ ಸಂಸಾರ ಕಟ್ಟಿಕೊಡುವುದಕ್ಕೆ ಉಡಿಕೆ ಎನ್ನುತ್ತಾರೆ. ಅದಕ್ಕೆ ಹಂದರವಿಲ್ಲ, ಓಲಗವಿಲ್ಲ, ಲಗ್ನಪತ್ರಿಕೆಯಿಲ್ಲ. ಕತ್ತಲಾದ ಮೇಲೆ ನಾಲ್ಕಾರು ಮಂದಿಯ ಮುಂದೆ ಹೊಸ ಸೀರೆ ಉಡಿಸುತ್ತಾರೆ. ಉಡಿಸುವವರೂ ವಿಧವೆಯರೇ, ಮುತ್ತೈದೆಯರು ಆ ಹೊತ್ತಿನಲ್ಲಿ ಎದುರಿಗೆ ಬರುವುದಿಲ್ಲ. ಬೆಳಗಾದರೆ ಅವಳು ಆ ಮನೆಯ ಸೊಸೆ. ಅವಳ ಮುಂದೆ ಆ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ, ಅದು ಮರ್ಯಾದೆ. ಫಾರಂ ತುಂಬುವ ದಿನ ಜಗಲಿಯ ಮೇಲೆ ಹತ್ತು ಜನ ಕೂತಿದ್ದರು. ಗಿರಿಜವ್ವನದು ಉಡಿಕೆ ಎಂದು ಅವರ ಹಳೆಯ ಊರಿನ ಕಡೆಯಿಂದ ನನ್ನ ಕಿವಿಗೆ ಬಿದ್ದಿತ್ತು; ನಾನು ಆ ಮರ್ಯಾದೆಯನ್ನು ಕಾಪಾಡಿದೆ. ಹತ್ತನೆಯ ಪ್ರಶ್ನೆಯಿಂದ ಹನ್ನೆರಡಕ್ಕೆ ಹಾರಿ, ಮಧ್ಯದ ಜಾಗದಲ್ಲಿ 'ಇಲ್ಲ' ಎಂದು ಬರೆದೆ. ಅವಳು ನನ್ನನ್ನು ನಂಬಿ ರುಜು ಹಾಕಿದಳು.

ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಕಾಗದವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಅಲ್ಲೆ ಕಾನೂನು ಬಿಗಿ ಮಾಡಾಕ್ಹತ್ಯಾರಂತ. ಈ ಸಲ ತಪ್ಪಿದ್ರ ಮುಂದಿಂದು ಗೊತ್ತಿಲ್ಲ ಅಂತ ಬರದಾರ್ರಿ ನಮ್ಮನಿಯವ್ರು" ಎಂದಳು. "ತವರಾಗ ಯಾರೂ ಉಳದಿಲ್ಲ. ಮೊದಲಿನ ಮನಿ ಬಾಗಿಲಾ ಅಂತೂ ಮುಚ್ಚೇತಿ. ನಾ ಎಲ್ಲಿಗೆ ಹೋಗ್ಲಿ ಅಣ್ಣಾರ?"

ಅನಂತಮೂರ್ತಿ ವಕೀಲರ ಬಳಿ ಓಡಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎಂತ ಮಾಡಿಟ್ಯೋ ಮಾರಾಯ. ಇದು ಸುಳ್ಳು ಪ್ರಮಾಣ."

"ಕೇಳಲಿಕ್ಕೆ ಬಾಯಿ ಬರಲಿಲ್ಲ ಸ್ವಾಮಿ."

"ಬರೆಯಲಿಕ್ಕೆ ಕೈ ಬಂತಲ್ಲ."

ಆಮೇಲೆ ಮೆತ್ತಗಾಗಿ ದಾರಿ ಹೇಳಿದರು. ಸಾಕ್ಷಿಗಳ ಪ್ರಮಾಣಪತ್ರದ ಜೊತೆಗೆ, ಕೇಳದೆ ಬರೆದವನು ನಾನೇ ಎಂದು ನಾನೂ ಒಂದು ಬರೆದುಕೊಡಬೇಕು. "ಬರೆದುಕೊಟ್ಟರೆ ನಿನ್ನ ಮೇಜು ಜಗಲಿಯ ಮೇಲೆ ಉಳಿಯೋದು ಕಷ್ಟ, ನೋಡು" ಎಂದೂ ಹೇಳಿದರು. ಬರೆದುಕೊಡುತ್ತೇನೆ ಎಂದೆ.

ಉಡಿಕೆಯ ರಾತ್ರಿ ಎದುರಿಗಿದ್ದ ಹಿರಿಯರಲ್ಲಿ ಗಂಡಸರು ತೀರಿಹೋಗಿದ್ದರು. ಸೀರೆ ಉಡಿಸಿದ ಪಾರ್ವತವ್ವ ಬನವಾಸಿಯ ಹತ್ತಿರ ಮೊಮ್ಮಗಳ ಮನೆಯಲ್ಲಿದ್ದಾಳೆಂದು ತಿಳಿದು ಬಸ್ಸು ಹಿಡಿದು ಹೋದೆ. ಮುದುಕಿಗೆ ಕಣ್ಣು ಮಂದವಾಗಿತ್ತು, ಬಾಯಿ ಚೆನ್ನಾಗಿತ್ತು.

"ಹಸರ ಸೀರಿ, ಕೆಂಪ ಸೆರಗು. ಉಡಿಸಿದಾಕಿ ನಾನ. ನಿರಿಗಿ ಹೆಂಗ್ ಹಿಡದೆ ಅನ್ನೂದೂ ನೆನಪೈತಿ" ಎಂದಳು. "ನಿಮ್ಮ ಬೊಂಬಾಯಿ ಸಾಹೇಬ ನಂಬಲಿಲ್ಲಂದ್ರ ಕರಕೊಂಡ್ ಬಾ. ಅವಂಗೂ ಒಂದು ಉಡಿಸಿ ತೋರಸ್ತೀನಿ."

ಇನ್ನು ಉಳಿದವಳು ಒಬ್ಬಳೇ: ಗಿರಿಜವ್ವನ ಅತ್ತೆ ಮುರಿಗೆವ್ವ. ಅವಳೂ ವಿಧವೆಯಾದ್ದರಿಂದ ಮಗನ ಉಡಿಕೆಗೆ ಎದುರಿಗಿದ್ದಳು.

"ನನ್ನ ಕೈಲೆ ಆಗೂದಿಲ್ಲ" ಎಂದಳು ಮುರಿಗೆವ್ವ. "ಈ ಓಣಿಗೆ ಬಂದಾಗಿಂದ ಮಗನ ಲಗ್ನ ಐನೂರು ಎಲಿ ಹಾಕಿ ಮಾಡೇನಿ ಅಂತ ಹೇಳ್ಕೋತ ಬಂದೇನಿ. ಸಣ್ಣ ಮಗಳನ್ನ ಹಾವೇರಿಯವರು ನೋಡಿ ಹೋಗ್ಯಾರ. ಉಡಿಕಿ ಮನಿ ಅಂದ್ರ ಅವ್ರು ಹೊಳ್ಳಿ ಬರ್ತಾರೇನು?"

"ಕಾಗದ ಬೊಂಬಾಯಿಗೆ ಹೋಗ್ತದ ಯವ್ವಾ. ಇಲ್ಲಿ ಯಾರಿಗೆ ಗೊತ್ತಾಗ್ತದ?"

"ಕಚೇರ್‍ಯಾಗ ಎದ್ರಿಗೆ ನಿಲ್ಲಿಸಿ ಗಟ್ಟಿಯಾಗಿ ಓದಿ ಹೇಳ್ತಾರ, ಆಮ್ಯಾಲ ಹೆಬ್ಬಟ್ಟು ಒತ್ತಿಸ್ತಾರ. ನನಗ ಗೊತ್ತಿಲ್ಲೇನು ತಮ್ಮಾ? ಗಂಡನ ಹೊಲ ಬಿಟ್ಟುಕೊಡೂ ದಿನ ಒತ್ತಿ ಬಂದೇನಿ."

ಅದು ನಿಜ.

ಹದಿನೈದು ದಿನ ಕಳೆಯಿತು, ಇಪ್ಪತ್ತು ಕಳೆಯಿತು. ಬೇರೆಯವರ ಅರ್ಜಿಗಳಲ್ಲಿ ತಾರೀಖು ಬರೆಯುವಾಗೆಲ್ಲ ಉಳಿದ ದಿನ ಎಣಿಸುತ್ತಿದ್ದೆ. ಮತ್ತೆ ಎರಡು ಸಲ ಹೋಗಿ ಕೇಳಿದೆ. ಮುರಿಗೆವ್ವ ಎರಡನೆಯ ಸಲ ನನಗೆ ಚಹಾ ಕೂಡ ಕೊಡಲಿಲ್ಲ.

ಇಪ್ಪತ್ತೊಂದನೆಯ ದಿನ ಮತ್ತೆ ಹೋದೆ. ಅಂಚೆಗೆ ಒಂದು ವಾರ ಬೇಕು. ಮರುದಿನ ಕಳಿಸದಿದ್ದರೆ ಮುಟ್ಟುವ ಭರವಸೆ ಇರಲಿಲ್ಲ. ಮುರಿಗೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಗಿರಿಜವ್ವ ಅತ್ತೆಯ ಪಕ್ಕ ಕೂತಳು.

"ಅತ್ತಿ, ಒಂದ ಮಾತು ಕೇಳ್ತೀನಿ. ಆವತ್ತು ಉಡಿಕಿ ಆಗಲೇ ಇಲ್ಲಂದ್ರ, ನಾ ನಿಮ್ಮ ಮಗಗ ಏನಾಗ್ಬೇಕು? ಏಳು ವರ್ಷ ಈ ಒಲಿ ಮುಂದ ಯಾರಾಗಿ ಕುಂತಿದ್ದೆ?"

ಮುರಿಗೆವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅದನ್ನು ಯಾರೂ ತಿರುವಲಿಲ್ಲ. ನಾನು ಎದ್ದು ಬಂದೆ.

ಮರುದಿನ, ನಾನು ಹೇಳಿಕಳಿಸಿದ್ದಂತೆ, ಮೊದಲ ಬಸ್ಸಿಗೆ ಪಾರ್ವತವ್ವ ಬಂದಳು. ಮೊಮ್ಮಗಳ ಕೈ ಹಿಡಿದು ಜಗಲಿ ಹತ್ತಿ, ನನ್ನ ಮೇಜಿನ ಪಕ್ಕ ಕೂತು ಎಲೆಯಡಿಕೆ ಬಿಚ್ಚಿದಳು. ಹೊಸ ಫಾರಂ ತೆಗೆದೆ. ಸಂತೆಯ ದಿನ, ಜಗಲಿ ತುಂಬಿತ್ತು. ಹತ್ತು ಪ್ರಶ್ನೆಗಳು ಮುಗಿದವು. ಹನ್ನೊಂದನೆಯದನ್ನು ಕೇಳುವ ಬದಲು ಲೇಖನಿಯನ್ನು ಮತ್ತೆ ಮಸಿಯಲ್ಲಿ ಅದ್ದಿದೆ.

"ಕೇಳ್ರಿ ಅಣ್ಣಾರ" ಎಂದಳು ಗಿರಿಜವ್ವ. "ಎಲ್ಲಾರಿಗೂ ಕೇಳೂಹಂಗ ಕೇಳ್ರಿ."

"ಇದಕ್ಕೂ ಮೊದಲು ನಿಮಗೆ ಮದುವೆಯಾಗಿತ್ತೇ?"

"ಆಗಿತ್ತು. ಅವರು ಸತ್ರು. ಆಮ್ಯಾಲ ಇವ್ರಿಗೆ ನನ್ನ ಉಡಿಕಿ ಮಾಡಿ ಕೊಟ್ರು."

ಪಕ್ಕದಲ್ಲಿ ಖಾತೆ ಬದಲಾವಣೆಗೆ ಬಂದಿದ್ದ ಇಬ್ಬರು ತಿರುಗಿ ನೋಡಿದರು. ಬರೆದೆ. ಮೊದಲ ಸಾಕ್ಷಿ ಪಾರ್ವತವ್ವ, ಬರೆದೆ. ಎರಡನೆಯ ಸಾಕ್ಷಿಯ ಜಾಗದಲ್ಲಿ ಲೇಖನಿ ಊರಿ, ಮಸಿ ಹರಡಬಾರದೆಂದು ಮತ್ತೆ ಎತ್ತಿದೆ.

"ಬರಕೋ ತಮ್ಮಾ."

ಕಂಬದ ಹಿಂದೆ ಮುರಿಗೆವ್ವ ನಿಂತಿದ್ದಳು. ಯಾವಾಗ ಬಂದಳೋ ನನಗೆ ಗೊತ್ತಾಗಿರಲಿಲ್ಲ.

"ಮುರಿಗೆವ್ವ. ಹುಡುಗನ ತಾಯಿ. ದೀಪ ಹಿಡಕೊಂಡು ನಿಂತಾಕಿ ನಾನ."

ಕಾರಕೂನ ಒಳಗೆ ಎಲ್ಲವನ್ನೂ ಗಟ್ಟಿಯಾಗಿ ಓದಿದ. ಕಿಟಕಿ ತೆರೆದೇ ಇತ್ತು. ಮುರಿಗೆವ್ವ ಹೆಬ್ಬಟ್ಟು ಒತ್ತಿ, ಕೈಯ ಮಸಿಯನ್ನು ಗೋಡೆಗೆ ಒರೆಸಿ, ಯಾರ ಮುಖವನ್ನೂ ನೋಡದೆ ಹೋದಳು. ಕೊನೆಗೆ ನನ್ನ ಪ್ರಮಾಣಪತ್ರಕ್ಕೆ ರುಜು ಹಾಕಿದೆ. ರಿಜಿಸ್ಟರ್ ಅಂಚೆಗೆ ಹಾಕಿದ ಮೇಲೂ ವಿಳಾಸ ಸರಿಯಿತ್ತೋ ಇಲ್ಲವೋ ಎಂದು ಇಡೀ ರಾತ್ರಿ ಯೋಚಿಸಿದೆ.

ಮಾಮಲೇದಾರರು ಮೂರು ತಿಂಗಳು ಮೇಜು ಹಾಕಬೇಡವೆಂದರು. ಆ ಮಧ್ಯೆ ಬೊಂಬಾಯಿಯಿಂದ ಗಿರಿಜವ್ವನಿಗೆ ಕರೆ ಬಂದು, ಅವಳು ದೂರದ ನೆಂಟರ ಜೊತೆ ಹೋದಳು. ಎಂಟನೆಯ ದಿನ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಅವಳದೇ ದಪ್ಪಕ್ಷರ: "ಅದನ್ನ ಕೇಳಿದ್ರು. ಹೇಳಿದೆ. ಸಿಕ್ತು."

ಕಾರ್ಡು ಹಿಡಿದು ಮುರಿಗೆವ್ವನ ಮನೆಗೆ ಹೋದೆ. ಅವಳು ಓದಿಸಿ ಕೇಳಿದಳು, ಇನ್ನೊಮ್ಮೆ ಓದಿಸಿದಳು. ಒಳಗೆ ಮಗಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

"ಹಾವೇರಿಯವರು ಬ್ಯಾರೆ ಕಡೆ ಗಟ್ಟಿ ಮಾಡಿದ್ರಂತ" ಎಂದಳು ಮುರಿಗೆವ್ವ, ಕಾರ್ಡನ್ನು ನನಗೆ ಹಿಂದಿರುಗಿಸುತ್ತ. "ಇಕಿನ್ನ ಮುಂದ ಯಾರರ ನೋಡಾಕ ಬಂದ್ರ ಕಾಗದ ನೀನ ಬರಿಬೇಕು ತಮ್ಮಾ. ಈ ಸಲ ಕೇಳಿ ಬರಿ."

ನಾನು ಆಗಲಿ ಎಂದೆ. ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಗುವವರೆಗೆ ಅಲ್ಲೇ ನಿಂತಿದ್ದೆ.