ಹಗ್ಗದ ಬಯಲು ಖಾಲಿ ಜಾಗವಲ್ಲ

ವಾರ್ಡಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾದಿನಿ ಅಂದು ಮಧ್ಯಾಹ್ನ ಊಟಕ್ಕೆ ಬಂದವಳು ತಟ್ಟೆಯ ಮುಂದೆ ಕೂರಲಿಲ್ಲ. ನೇರವಾಗಿ ಲಾಂಡ್ರಿಯೊಳಗೆ ಹೋಗಿ, ಆಸ್ಪತ್ರೆಯ ಬೆಡ್‌ಶೀಟುಗಳನ್ನು ಮಡಚುತ್ತಿದ್ದ ಅತ್ತಿಗೆಯ ಮುಂದೆ ಒಂದು ಕಾಗದ ಹಿಡಿದಳು. ಗ್ರಂಥಾಲಯದ ಸೂಚನಾ ಫಲಕದಲ್ಲಿ, ಯಾರದೋ ಕಳೆದುಹೋದ ಛತ್ರಿಯ ಚೀಟಿಯ ಪಕ್ಕ, ನಗರಸಭೆಯವರು ಅಂಟಿಸಿದ್ದ ಪ್ರಕಟಣೆಯನ್ನು ಅವಳು ಒಂದಕ್ಷರ ಬಿಡದೆ ಬರೆದುಕೊಂಡು ಬಂದಿದ್ದಳು. ಬೀದಿಯ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಅಂತಸ್ತಿನ ಕಾರು ನಿಲ್ದಾಣ ಕಟ್ಟುತ್ತಾರಂತೆ. ಬೇಡ ಅನ್ನುವವರು ಮೂವತ್ತು ದಿನದೊಳಗೆ ಬರೆದು ಕೊಡಬೇಕಂತೆ. ಅದರಲ್ಲಿ ಒಂಬತ್ತು ದಿನ ಆಗಲೇ ಕಳೆದಿದ್ದವು.

“ಕಟ್ಟಲಿ ಬಿಡು,” ಎಂದಳು ಅತ್ತಿಗೆ, ಶೀಟಿನ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಡುತ್ತ. “ಖಾಲಿ ಜಾಗ ತಾನೆ? ನಮಗೇನು?”

“ಅತ್ತಿಗೆ, ಅದು ನಮ್ಮ ಬಯಲು.”

“ನಮ್ಮ ಬಯಲು ಎಲ್ಲಿ ಖಾಲಿ ಇದೆ?”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಬೀದಿಯ ನಾಲ್ಕು ಲಾಂಡ್ರಿಗಳಿಗೂ ಬಟ್ಟೆ ಒಣಗಿಸಲು ಇರುವುದು ಅದೊಂದೇ ಬಯಲು. ಬೆಳಗ್ಗೆ ಎಂಟಕ್ಕೆ ಕಂಬ ನಿಲ್ಲಿಸಿ ಹಗ್ಗ ಬಿಗಿದರೆ, ಹತ್ತರ ಹೊತ್ತಿಗೆ ನೆಲವೇ ಕಾಣಿಸದಷ್ಟು ಬಟ್ಟೆ. ಎಲ್ಲರ ಬಾಯಲ್ಲೂ ಅದು ಹಗ್ಗದ ಬಯಲು. ಅದು ಹೋದರೆ ಆಸ್ಪತ್ರೆಯ ಕೆಲಸ ಹೋಗುತ್ತದೆ, ಆಸ್ಪತ್ರೆಯ ಕೆಲಸ ಹೋದರೆ ನಾಲ್ಕು ಲಾಂಡ್ರಿಗಳ ಬಾಗಿಲೂ ಮುಚ್ಚುತ್ತದೆ. ಇಷ್ಟು ಅತ್ತಿಗೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಅವಳು ಮೂಗು ಮುರಿದಳು. ಇಪ್ಪತ್ತಾರು ವರ್ಷದಲ್ಲಿ ನಗರಸಭೆ ತನ್ನನ್ನು ಒಂದು ಮಾತೂ ಕೇಳಿದ್ದಿಲ್ಲ, ದೊಡ್ಡವರು ಮನಸ್ಸು ಮಾಡಿಯಾದ ಮೇಲೆ ನಮ್ಮಂಥವರ ಕಾಗದ ಕಸದ ಬುಟ್ಟಿಗೇ ಸೈ ಎಂದು ರಾಗ ಎಳೆದಳು.

ನಾದಿನಿ ಬೆನ್ನು ಬಿಡುವವಳಲ್ಲ. “ಅವರಿನ್ನೂ ಮನಸ್ಸು ಮಾಡಿಲ್ಲ, ಅತ್ತಿಗೆ. ಮಾಡೋಕೆ ಮುಂಚೆ ಕೇಳ್ತಿದಾರೆ. ನಾವು ಬಾಯಿ ಮುಚ್ಕೊಂಡಿದ್ರೆ ಒಪ್ಕೊಂಡ್ವಿ ಅಂತಲೇ ಲೆಕ್ಕ.”

ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಅಣ್ಣನಿಗೆ, ಅಂದರೆ ಅತ್ತಿಗೆಯ ಗಂಡನಿಗೆ, ಮಾತಿನಲ್ಲಿ ಭಾರಿ ಜಿಪುಣತನ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನೂ ಈಗ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, ನಗರಸಭೆಗೆ ಹೋಗಿ ಕೇಳಿಕೊಂಡಾದರೂ ಬನ್ನಿ ಎಂದ. ಅರ್ಧ ದಿನದ ಮಾತನ್ನು ಒಂದೇ ಸಲಕ್ಕೆ ಖರ್ಚು ಮಾಡಿದನಲ್ಲ ಎಂದು ಅತ್ತಿಗೆಗೆ ನಗು ಬಂತು. ಮರುದಿನ ನಾದಿನಿಯ ಜೊತೆ ಹೊರಟಳು.

ನಗರಸಭೆಯ ಕಚೇರಿಯಲ್ಲಿ ಯೋಜನೆಯ ಫೈಲನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಇದು ಅತ್ತಿಗೆಗೆ ಗೊತ್ತಿರಲಿಲ್ಲ, ನಾದಿನಿಗೆ ಗೊತ್ತಿತ್ತು. ಕಿಟಕಿಯ ಹಿಂದಿನ ಕನ್ನಡಕದ ಗುಮಾಸ್ತರು ಫೈಲು ತಂದು ಬೆಂಚಿನ ಮೇಲಿಟ್ಟರು. ತೆರೆದರೆ ಆರು ಫೋಟೋ. ಆರರಲ್ಲೂ ಅವಳದೇ ಬಯಲು. ಕಂಬವಿಲ್ಲ, ಹಗ್ಗವಿಲ್ಲ, ಒಂದು ಚೂರು ದಾರ ಕೂಡ ಬಿದ್ದಿಲ್ಲ. ಕೆಳಗೆ “ಉಪಯೋಗದಲ್ಲಿಲ್ಲದ ಖಾಲಿ ಜಾಗ” ಎಂದು ಬರೆದಿತ್ತು. ಅತ್ತಿಗೆ ತಾರೀಕು ನೋಡಿದಳು. ಅದು ಲಾಂಡ್ರಿಗಳ ವಾರದ ರಜೆಯ ದಿನ.

ಸಂಜೆ ಬಯಲಿಗೆ ಮಕ್ಕಳು ಆಡಲು ಬರುತ್ತಾರೆಂದು ಕಂಬ ಕಿತ್ತು, ಹಗ್ಗ ಸುತ್ತಿ, ನೆಲ ಗುಡಿಸಿ ಬರುವುದು ಅವಳ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಒಂದು ಕ್ಲಿಪ್ಪು ಉಳಿದರೂ ಅತ್ತೆ ವಾಪಸು ಕಳಿಸಿ ಹೆಕ್ಕಿ ತರಿಸುತ್ತಿದ್ದರು. ಅಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡ ಬಯಲನ್ನು ಅಳೆಯಲು ಬಂದವರು, ಇಲ್ಲಿ ಯಾರೂ ಇಲ್ಲವೆಂದು ಬರೆದುಕೊಂಡು ಹೋಗಿದ್ದರು. ಅತ್ತಿಗೆಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಗೆದ್ದಿತು.

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಬೀದಿ ಬೀದಿ ಸುತ್ತಿದಳು. ನಾದಿನಿ ಏನೋ ಹೇಳಲು ಬಂದರೆ, ನೀನು ಪುಸ್ತಕ ನೋಡಿಕೋ, ಜನ ಸೇರಿಸುವುದು ನನಗೆ ಬಿಡು ಎಂದು ಬಾಯಿ ಮುಚ್ಚಿಸಿದಳು. ಆರೇ ದಿನದಲ್ಲಿ ಒಂದು ಮನವಿಯ ಕೆಳಗೆ ಇನ್ನೂರ ಹನ್ನೆರಡು ಸಹಿ. ಲಾಂಡ್ರಿಯ ಬಿಳಿ ದಾರದಿಂದಲೇ ಹಾಳೆಗಳನ್ನು ಹೊಲಿದು, ಗಂಟು ಬಿಗಿದು, ಮದುವೆ ಮನೆಗೆ ಉಡುಗೊರೆ ಒಯ್ಯುವಷ್ಟು ಜಂಬದಿಂದ ಕಿಟಕಿಯಲ್ಲಿ ಕೊಟ್ಟಳು. ಗುಮಾಸ್ತರು ಅದಕ್ಕೆ ಒಂದು ಮುದ್ರೆ ಒತ್ತಿ, ಒಂದು ನಂಬರು ಬರೆದು, ಒಂದು ರಸೀದಿ ಕೊಟ್ಟರು.

“ಉಳಿದ ಇನ್ನೂರ ಹನ್ನೊಂದು ರಸೀದಿ ಎಲ್ಲಿ?” ಎಂದಳು ಅತ್ತಿಗೆ.

“ಅಮ್ಮ, ಇಲ್ಲಿ ಕಾಗದ ಒಂದಾದ್ರೆ ಆಕ್ಷೇಪಣೆನೂ ಒಂದೇ. ಕೆಳಗೆ ಎಷ್ಟು ಜನ ಸಹಿ ಹಾಕಿದ್ರೂ ಅಷ್ಟೇ.”

ಮನೆಗೆ ಬಂದವಳು ಲಾಂಡ್ರಿಯೊಳಗೆ ಹೋಗಿ ಕೂತಳು. ಮೂಲೆಯಲ್ಲಿ ಆಸ್ಪತ್ರೆಗೆ ಹೋಗಬೇಕಾದ ಗಂಟುಗಳಿದ್ದವು. ಐವತ್ತು ಶೀಟಿಗೆ ಒಂದು ಗಂಟು, ಗಂಟಿಗೆ ಒಂದು ಚೀಟಿ. ಇಡೀ ಜೀವಮಾನ ಎಣಿಸಿದ್ದೇ ಹಾಗೆ. ಜನರನ್ನೂ ಹಾಗೆಯೇ ಕಟ್ಟಿ ಒಂದು ಚೀಟಿ ಅಂಟಿಸಿಬಿಟ್ಟಿದ್ದಳು. ನಾದಿನಿ ಬಂದು ಪಕ್ಕದಲ್ಲಿ ಕೂತಳು. “ನಾನು ಆಗಲೇ ಹೇಳೋಕೆ ಬಂದಿದ್ದೆ” ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ನುಂಗಿಕೊಂಡಳು. ನಾದಿನಿಯರಲ್ಲಿ ಅಂಥ ಗುಣ ಅಪರೂಪವೆಂದು ಅತ್ತಿಗೆ ಇವತ್ತಿಗೂ ಹೇಳುತ್ತಾಳೆ.

“ಎಷ್ಟು ದಿನ ಉಳಿದಿದೆ?” ಎಂದಳು ಅತ್ತಿಗೆ.

“ಹದಿನಾಲ್ಕು.”

“ಹಾಗಾದ್ರೆ ಗಂಟು ಬಿಚ್ಚೋಣ. ಒಬ್ಬೊಬ್ಬರ ಕೈಲೂ ಬೇರೆ ಬೇರೆ ಬರೆಸೋಣ.”

ಲಾಂಡ್ರಿಯ ಮಡಚುವ ಮೇಜೇ ಬರೆಯುವ ಮೇಜಾಯಿತು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯಬಾರದು, ಅವರವರ ಕಾರಣ ಅವರವರ ಮಾತಿನಲ್ಲೇ ಇರಬೇಕು, ಕೆಳಗೆ ಹೆಸರು, ವಿಳಾಸ, ಸಹಿ ಮರೆಯಬಾರದು ಎಂದು ನಾದಿನಿ ಬಂದವರಿಗೆಲ್ಲ ಹೇಳಿದಳು. ಆಸ್ಪತ್ರೆಯ ಹಿರಿಯ ನರ್ಸ್, ಬೆಳಗ್ಗೆ ಕೊಟ್ಟ ಶೀಟು ಬಿಸಿಲಲ್ಲಿ ಒಣಗಿ ಸಂಜೆಯೊಳಗೆ ವಾಪಸು ಬರುವುದು ಈ ಬಯಲಿನಿಂದ ಎಂದು ಬರೆದರು. ಮೂಲೆಮನೆಯ ಅಜ್ಜಿ, ಮೊಮ್ಮಕ್ಕಳು ರಸ್ತೆಗೆ ಇಳಿಯದೆ ಆಡುವುದು ಅಲ್ಲಿ ಮಾತ್ರ ಎಂದು ಹೇಳಿ ಬರೆಸಿದಳು. ಬರೆದದ್ದನ್ನು ಓದಿಸಿ ಕೇಳಿ, ಒಂದು ಪದ ಬದಲಾಯಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು. ಚಪ್ಪಲಿ ಹೊಲಿಯುವವನು, ಕಾರು ಬೇಕು ನಿಜ, ಆದರೆ ಬಸ್ಸಿನ ಹಳೇ ಡಿಪೋ ಹತ್ತು ವರ್ಷದಿಂದ ತುಕ್ಕು ಹಿಡಿದು ಬಿದ್ದಿದೆ, ಅಲ್ಲಿ ಕಟ್ಟಿ ಎಂದು ಬರೆದ. ಮಾತೇ ಆಡದ ಅಣ್ಣ ಮೂರು ಪುಟ ಬರೆದು ಎಲ್ಲರನ್ನೂ ದಂಗುಬಡಿಸಿದ. ಅತ್ತಿಗೆ ಮಾತ್ರ ಪೆನ್ನು ಕಚ್ಚುತ್ತ ಎರಡು ದಿನ ಕೂತು ನಾಲ್ಕು ಸಾಲು ಬರೆದಳು.

ಕೊನೆಯ ದಿನಕ್ಕೆ ಎರಡು ದಿನ ಮುಂಚೆಯೇ ನೂರ ನಲವತ್ಮೂರು ಕಾಗದ, ನೂರ ನಲವತ್ಮೂರು ರಸೀದಿ. ಗುಮಾಸ್ತರ ಮುದ್ರೆಯ ಶಾಯಿಯೇ ತೀರಿಹೋಯಿತು. ಬೈಯುತ್ತಾರೇನೋ ಎಂದುಕೊಂಡರೆ, ಅವರು ನಗುತ್ತಲೇ ಹೊಸ ಶಾಯಿ ತರಿಸಿದರು.

ನಗರಸಭೆಯ ಸಮಿತಿ ಆಕ್ಷೇಪಣೆಗಳ ವಿಚಾರಣೆ ನಡೆಸಿದ ದಿನ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಬಯಲು ಅಳೆದಿದ್ದ ಎಂಜಿನಿಯರು ಅವೇ ಆರು ಫೋಟೋಗಳನ್ನು ಪರದೆಯ ಮೇಲೆ ತೋರಿಸಿ, ಈ ಜಾಗ ಯಾರಿಗೂ ಉಪಯೋಗವಿಲ್ಲ ಎಂದರು. ಸಮಿತಿಯ ಅಧ್ಯಕ್ಷೆ ಆಕ್ಷೇಪಣೆಗಳ ರಾಶಿಯಿಂದ ಒಂದು ಕಾಗದ ಎತ್ತಿಕೊಂಡು, ಈ ನಾಲ್ಕು ಸಾಲಿನದು ಯಾರದು ಎಂದು ಕೇಳಿದರು. ಅತ್ತಿಗೆ ಎದ್ದು ನಿಂತಳು.

“ನನ್ನದು, ಮೇಡಂ. ಆ ಫೋಟೋ ನಮ್ಮ ರಜೆ ದಿನದ್ದು. ಸಂಜೆ ಮಕ್ಕಳು ಆಡ್ತಾವೆ ಅಂತ ನಾವು ದಿನಾ ಗುಡಿಸಿ ಇಡ್ತೀವಿ. ಗುಡಿಸಿದ್ದಕ್ಕೇ ಖಾಲಿ ಅಂತ ಬರ್ಕೊಂಡ್ರು. ಕೆಲಸದ ದಿನ ಹತ್ತು ಗಂಟೆಗೆ ಒಂದು ಸಲ ಬನ್ನಿ. ಬಂದು ನೋಡಿ, ಆಮೇಲೂ ಖಾಲಿ ಅನ್ಸಿದ್ರೆ ಕಟ್ಟಿ. ನಾನು ಅಡ್ಡ ಬರಲ್ಲ.”

ಅಧ್ಯಕ್ಷೆ ಎಂಜಿನಿಯರ ಕಡೆ ತಿರುಗಿ, ನೀವು ಹೋಗಿದ್ದು ಯಾವ ದಿನ ಎಂದು ಕೇಳಿದರು. ಅವರು ಫೈಲು ತಿರುವಿಹಾಕತೊಡಗಿದರು.

ಮರುವಾರ ಒಂದು ಕೆಲಸದ ದಿನ, ಹತ್ತು ಗಂಟೆಗೆ, ಸಮಿತಿಯ ಹನ್ನೊಂದು ಜನ ಎಂಜಿನಿಯರ ಜೊತೆ ಬಯಲು ನೋಡಲು ಬಂದರು. ಅಂದು ಗಾಳಿಯೂ ಚೆನ್ನಾಗಿತ್ತು. ಬಯಲಿನ ಈ ತುದಿಯಿಂದ ಆ ತುದಿಗೆ ಇಪ್ಪತ್ತೆರಡು ಹಗ್ಗ, ಸಾಲು ಸಾಲು ಬಿಳಿ ಶೀಟು. ಅಳತೆ ಟೇಪು ಹಿಡಿದು ಒಳಹೊಕ್ಕ ಎಂಜಿನಿಯರಿಗೆ ಹೊರಬರುವ ದಾರಿಯೇ ತಿಳಿಯಲಿಲ್ಲ. ಒಂದು ಶೀಟು ಸರಿಸಿದರೆ ಇನ್ನೊಂದು, ಅದನ್ನು ಸರಿಸಿದರೆ ಮತ್ತೊಂದು. ಕೊನೆಗೆ ಅತ್ತಿಗೆಯೇ ಹೋಗಿ ತೋಳು ಹಿಡಿದು ಕರೆದುಕೊಂಡು ಬಂದಳು. ಎಂಜಿನಿಯರೂ ನಕ್ಕುಬಿಟ್ಟರು.

ಒಂಬತ್ತು ಮತ ಬಯಲಿನ ಪರ, ಎರಡು ವಿರುದ್ಧ. ಕಾರು ನಿಲ್ದಾಣ ಹಳೇ ಡಿಪೋಗೆ ಹೋಯಿತು. ಕಾಲುದಾರಿಗೆಂದು ರಸ್ತೆಯ ಬದಿಯಲ್ಲಿ ಒಂದು ಪಟ್ಟಿ ಬಿಟ್ಟುಕೊಡಬೇಕಾಯಿತು. ಅಲ್ಲಿಗೆ ಎರಡು ಹಗ್ಗ ಹೋದವು, ಇಪ್ಪತ್ತು ಉಳಿದವು. ನಗರಸಭೆಯ ನಕ್ಷೆಯಲ್ಲಿ “ಖಾಲಿ ಜಾಗ” ಎಂಬುದನ್ನು ಹೊಡೆದುಹಾಕಿ “ಬಟ್ಟೆ ಒಣಗಿಸುವ ಸಾರ್ವಜನಿಕ ಬಯಲು” ಎಂದು ಬರೆದರು. ಆ ಸಾಲನ್ನು ಗ್ರಂಥಾಲಯದ ಫಲಕದಲ್ಲಿ ಅತ್ತಿಗೆ ಮೂರು ಸಲ ಓದಿದಳು. ಅವಳ ಖುಷಿ ಹೇಳತೀರದು.

ಅಂದು ಸಂಜೆ ಎಂದಿನಂತೆ ಎಲ್ಲರೂ ಕಂಬ ಕಿತ್ತರು, ನೆಲ ಗುಡಿಸಿದರು. ಮೂಲೆಯ ಎರಡು ಕಂಬಕ್ಕೆ ಕೈಹಾಕಿದ ಅಣ್ಣನನ್ನು ಅತ್ತಿಗೆ ತಡೆದಳು. ಇನ್ನು ಮೇಲೆ ಇಲ್ಲೊಂದು ಹಗ್ಗ ರಜೆಯ ದಿನವೂ ಇರುತ್ತದೆ, ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು, ಬೈಯಲಿ ಎಂದಳು. ಆ ಹಗ್ಗ ಇಂದಿಗೂ ಅಲ್ಲೇ ಇದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ವಾರ್ಡಿನ ಸೂಚನಾ ಫಲಕವನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? ನಾಳೆ ಆ ದಾರಿಯಲ್ಲಿ ಹೋಗುವಾಗ ಎರಡು ನಿಮಿಷ ನಿಂತು ಓದಿ. ನಿಮ್ಮ ಬೀದಿಯ ಹೆಸರಿದ್ದರೆ ಫೈಲು ಕೇಳಿ ನೋಡಿ. ಒಪ್ಪಿಗೆಯೋ ಆಕ್ಷೇಪಣೆಯೋ, ನಿಮ್ಮ ಮಾತನ್ನು ನಿಮ್ಮದೇ ಕಾಗದದಲ್ಲಿ ಗಡುವಿನೊಳಗೆ ಬರೆದು ಕೊಟ್ಟು, ರಸೀದಿ ಕೈಗೆ ಬಂದ ಮೇಲೆಯೇ ಕಿಟಕಿ ಬಿಡಿ. ನಾಲ್ಕು ಸಾಲಾದರೂ ಸಾಕು. ನೀವು ಅಲ್ಲಿದ್ದೀರಿ ಎಂದು ನೀವೇ ಹೇಳಬೇಕು.