ಮೆಂತ್ಯವಿಲ್ಲದ ಗುಂಪು

ಸಕ್ಕರೆ ಕಾಯಿಲೆ ಗಂಡ ಹೆಂಡತಿ ಇಬ್ಬರಿಗೂ ಇತ್ತು. ಚೀಟಿ ಎತ್ತಿದಾಗ ಮಾತ್ರ ಶೇಷಮ್ಮನಿಗೆ ಒಂದು ಗುಂಪು ಬಂತು, ಮಾರಪ್ಪನಿಗೆ ಇನ್ನೊಂದು.

ಎರಡು ಸಾವಿರದ ಮೂರರಲ್ಲಿ ಶಿವಮೊಗ್ಗದ ದುರ್ಗಿಗುಡಿಯ ಡಾಕ್ಟರ್ ಉಮಾಮಹೇಶ್ವರ ಭದ್ರಾವತಿಯ ಓಲ್ಡ್ ಟೌನಿಗೆ ಬಂದು, ಸಕ್ಕರೆ ಕಾಯಿಲೆಯವರ ರಕ್ತದ ಕೊಬ್ಬು ಇಳಿಸುವ ಪರೀಕ್ಷೆಯೊಂದನ್ನು ಶುರುಮಾಡಿದ್ದರು. ಶೇಷಮ್ಮನ ಗುಂಪಿಗೆ ದಿನಾ ಬೆಳಿಗ್ಗೆ ಒಂದು ಗಂಟೆ ನಡಿಗೆ, ಎರಡು ಹೊತ್ತು ಮೆಂತ್ಯದ ಪುಡಿ. ಮಾರಪ್ಪನ ಗುಂಪಿಗೆ ಎರಡೂ ಇಲ್ಲ, ಬರೀ ಮಾತ್ರೆ. ಹೋಲಿಸಿ ನೋಡಲು ಅಂಥವರೂ ಬೇಕಂತೆ. ಮೂರು ತಿಂಗಳು ಯಾರೂ ಮೋಸ ಮಾಡಬಾರದು ಎಂದಿದ್ದರು.

ಶೇಷಮ್ಮ ಮೋಸ ಮಾಡುವ ಹೆಂಗಸೇ? ಪಕ್ಕದ ಮನೆಯ ಕರಿಬೇವನ್ನೂ ಕೇಳದೆ ಕಿತ್ತವಳಲ್ಲ. ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದೇ ಅವಳ ಚಟ. ತಾನು ಹೊಳೆದಂಡೆಯವರೆಗೆ ನಡೆದು ಬಂದು, ಕಹಿ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುತ್ತಿದ್ದಳು. ಗಂಡನ ದೋಸೆಹಿಟ್ಟಿಗೆ ಮೆಂತ್ಯ ಹಾಕುವುದನ್ನೇ ಬಿಟ್ಟಳು. ಮೆಂತ್ಯಸೊಪ್ಪಿನ ಸಾರೆಂದರೆ ಅವನಿಗೆ ಪ್ರಾಣ, ಅದೂ ನಿಂತಿತು. ಕಾರ್ಖಾನೆಯಿಂದ ನಿವೃತ್ತನಾದ ಮೇಲೂ ಅವನು ದಿನಾ ಸಂಜೆ ದೂರದಲ್ಲಿದ್ದ ಗೆಳೆಯ ಚೌಡಪ್ಪನ ಮನೆಗೆ ನಡೆದುಹೋಗಿ ಹರಟಿ ಬರುತ್ತಿದ್ದ. ಅದಕ್ಕೂ ಅಡ್ಡ ನಿಂತಳು.

"ನಿಮ್ಮ ಗುಂಪಿನೋರು ನಡೀಬಾರ್ದು ಕಣ್ರೀ. ಚೌಡಪ್ಪನೋರೇ ಇಲ್ಲಿಗೆ ಬರ್ಲಿ."

"ಕೂತು ಕೂತು ಕಾಲು ಜೋಮು ಹಿಡೀತದೆ ಮಾರಾಯ್ತಿ. ಆ ಪುಡಿನಾದ್ರೂ ಒಂದು ಚಮಚ ಕೊಡೆ, ಯಾರು ನೋಡ್ತಾರೆ?"

"ಯಾರೂ ನೋಡ್ದಿದ್ರೂ ರಕ್ತ ಹೇಳುತ್ತೆ."

ಮಾರಪ್ಪ ನಕ್ಕು ಜಗಲಿಯಲ್ಲಿ ಕೂತ. ಹತ್ತನೇ ವಾರ ಒಂದು ಬೆಳಿಗ್ಗೆ ಅವಳು ನಡಿಗೆ ಮುಗಿಸಿ ಬಂದಾಗ ಎದೆ ಹಿಡಿದುಕೊಂಡು ಅಲ್ಲೇ ಒರಗಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ಸೂತಕ ಕಳೆದ ಮೂರನೇ ದಿನ ಶೇಷಮ್ಮ ಕೊನೆಯ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಮಾತು ಕೊಟ್ಟಿದ್ದಳಲ್ಲ! ಆಮೇಲೆ ಡಾಕ್ಟರೇ ರಿಪೋರ್ಟು ಹಿಡಿದು ಮನೆಗೆ ಬಂದರು. ಅವಳ ಕೊಬ್ಬು ಚೆನ್ನಾಗಿ ಇಳಿದಿತ್ತು. ಮಾರಪ್ಪನಿಗೆ ಮೂರು ತಿಂಗಳು ತುಂಬದ್ದರಿಂದ ಅವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು ಎಂದರು.

ಅವಳಿಗೆ ಅವಮಾನವಾಯಿತು. "ಅವರು ಒಂದು ದಿನಾನೂ ತಪ್ಪು ಮಾಡ್ಲಿಲ್ಲ ಸಾರ್. ದೋಸೆಗೂ ಮೆಂತ್ಯ ಹಾಕ್ಲಿಲ್ಲ ನಾನು, ಸಂಜೆ ನಡೆಯೋಕೂ ಬಿಡ್ಲಿಲ್ಲ."

ಡಾಕ್ಟರು ರಿಪೋರ್ಟು ಕೆಳಗಿಟ್ಟರು. "ಅಯ್ಯೋ ಅಮ್ಮಾ, ಹೊಸದಾಗಿ ಏನೂ ಶುರುಮಾಡ್ಬೇಡಿ ಅಂದಿದ್ದು. ಮೊದಲಿಂದ ತಿನ್ನೋದನ್ನ, ನಡೆಯೋದನ್ನ ಯಾಕೆ ನಿಲ್ಸಿದ್ರಿ?" ಆಮೇಲೆ, "ಅದ್ರಿಂದಲೇ ಹೋದ್ರು ಅಂತ ನಾನು ಹೇಳ್ತಿಲ್ಲ" ಎಂದರು.

ಅದರಿಂದ ಅಲ್ಲ ಎಂದೂ ಅವರು ಹೇಳಲಿಲ್ಲ. ತನ್ನ ಪ್ರಾಮಾಣಿಕತೆಯ ಬಗ್ಗೆ ಶೇಷಮ್ಮನಿಗೆ ಮೈತುಂಬ ಅಸಹ್ಯ ಹುಟ್ಟಿತು.

ಡಾಕ್ಟರು ಚಪ್ಪಲಿ ಮೆಟ್ಟುತ್ತ ಸಮಾಧಾನಕ್ಕೆಂದು ಹೇಳಿದರು: "ನೀವು ಮಾತ್ರ ನಡಿಗೆ, ಪುಡಿ ಬಿಡ್ಬೇಡಿ. ಇನ್ನೂ ಇಪ್ಪತ್ತು ವರ್ಷ ನಿಮಗೆ ಏನೂ ಆಗಲ್ಲ."

"ಅಷ್ಟು ವರ್ಷ ಏನು ಮಾಡ್ಲಿ ಸಾರ್?" ಎಂದಳು ಶೇಷಮ್ಮ.