ಹಸಿರು ಚುಕ್ಕೆ

ಇನ್ನೊಂದು ತಪ್ಪು ಬೇಕಿತ್ತು.

ಒಂದು ಕಡೆ ಮೂರನ್ನು ಎಂಟು ಮಾಡಿದ್ದಳು. ಇನ್ನೊಂದು ಕಡೆ ಒಂದು ಸೊನ್ನೆ ನುಂಗಿದ್ದಳು. ಮತ್ತೊಂದನ್ನು ಎಲ್ಲಿ ಅಡಗಿಸುವುದೆಂದು ನೌಶೀನ್ ಪರದೆಯನ್ನೇ ನೋಡುತ್ತ ಕುಳಿತಿದ್ದಳು. ತಪ್ಪೇ ಇಲ್ಲದ ಕೆಲಸ ಮನುಷ್ಯರು ಮಾಡಿದ್ದೆಂದು ಯಾರೂ ನಂಬುವುದಿಲ್ಲ.

ಮಣಿಪಾಲದ ಈ ಮೂರನೆಯ ಮಹಡಿಯಲ್ಲಿ ಎಲ್ಲರದೂ ಒಂದೇ ಕೆಲಸ. ಯಾವುದೋ ದೇಶದ ಪ್ರಯೋಗಾಲಯಗಳ ಹಳೆಯ ವರದಿಗಳು ಫೋಟೊಗಳಾಗಿ ಬರುತ್ತವೆ. ಅವುಗಳೊಳಗಿನ ಅಂಕಿಗಳನ್ನು ಕಣ್ಣಿನಿಂದ ಹೆಕ್ಕಿ, ಬೆರಳಿನಿಂದ ಕುಟ್ಟಿ ಕಂಪ್ಯೂಟರಿಗೆ ತುಂಬಬೇಕು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನೌಶೀನ್ ದಿನಾ ಕಾಪುವಿನಿಂದ ಬಸ್ಸು ಹಿಡಿದು ಬಂದು ಅದನ್ನೇ ಮಾಡುತ್ತಿದ್ದಳು. ಆ ಉಪಕರಣ ಸಿಗುವ ತನಕ.

ಸಿಕ್ಕಿದ್ದು ಒಂದು ಮಧ್ಯಾಹ್ನ, ಸುಮ್ಮನೆ ಹುಡುಕುವಾಗ. ಮುಖ ಗೊತ್ತಿಲ್ಲದ ಜನ ತಾವು ಬರೆದ ತಂತ್ರಾಂಶದ ಉಪಕರಣಗಳನ್ನು ಅಂತರ್ಜಾಲದಲ್ಲಿ ಬಿಚ್ಚಿಟ್ಟು ಹೋಗಿದ್ದರು. ಒಳಗಿನ ಕೋಡೆಲ್ಲ ಕಣ್ಣೆದುರು. ಬೆಲೆ ಇಲ್ಲ, ಬೀಗ ಇಲ್ಲ. ಬಾವಿಕಟ್ಟೆಯ ಮೇಲೆ ದಾರಿಹೋಕರಿಗೆಂದು ಇಟ್ಟ ಕೊಡದ ಹಾಗೆ. ಫೋಟೊದೊಳಗಿನ ಅಂಕಿಗಳನ್ನು ತಾನೇ ಓದಿ, ಸಾಲು ಸಾಲಾಗಿ ಜೋಡಿಸಿಕೊಡುವ ಪುಟ್ಟ ಉಪಕರಣವೊಂದು ಅಲ್ಲಿತ್ತು. ಕೆಳಗೆ ಷರತ್ತು: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಏನಾದರೂ ಹಾಳಾದರೆ ಬರೆದವರು ಹೊಣೆಯಲ್ಲ.

ದಿನದ ಕೆಲಸ ಚಹಾ ಆರುವುದರೊಳಗೆ ಮುಗಿಯಿತು. ಮೊದಲು ಖುಷಿಯಾಯಿತು. ಆಮೇಲೆ ಭಯ. ಇದು ಗೊತ್ತಾದರೆ ಈ ಕೋಣೆಯ ಕುರ್ಚಿಗಳೆಲ್ಲ ಖಾಲಿ, ತನ್ನದೂ. ಕೆಲಸ ಇರುವಷ್ಟು ದಿನ ಮದುವೆಯ ಮಾತು ಉಮ್ಮನ ನಾಲಿಗೆಯ ತುದಿಯಲ್ಲೇ ನಿಂತಿರುತ್ತದೆ, ಹೊರಗೆ ಬರುವುದಿಲ್ಲ. ಹಂಚಲು ಕೊಟ್ಟದ್ದನ್ನು ನೌಶೀನ್ ಬಚ್ಚಿಟ್ಟುಕೊಂಡಳು.

ಉಳಿದ ಹೊತ್ತಿಗೆ ಏನು ಮಾಡುವುದು? ಮ್ಯಾನೇಜರ್ ಲೆಸ್ಟರನ ಗಾಜಿನ ಕ್ಯಾಬಿನ್ನಿನಲ್ಲಿ ದೊಡ್ಡದೊಂದು ಪರದೆ ಉಂಟು. ಪ್ರತಿಯೊಬ್ಬರ ಹೆಸರಿನ ಪಕ್ಕ ಹಸಿರು ಚುಕ್ಕೆ. ಮೌಸ್ ಸ್ವಲ್ಪ ಹೊತ್ತು ಅಲ್ಲಾಡದಿದ್ದರೆ ಚುಕ್ಕೆ ಬೂದಿಬಣ್ಣವಾಗುತ್ತದೆ. ಅದಕ್ಕೂ ಒಂದು ಉಪಕರಣ ಸಿಕ್ಕಿತು. ಪರದೆಯ ಮೇಲಿನ ಬಾಣವನ್ನು ಆಗೊಮ್ಮೆ ಈಗೊಮ್ಮೆ ಸರಿಸುತ್ತದೆ, ಥೇಟ್ ಮನುಷ್ಯರ ಹಾಗೆ, ಗುರಿಯಿಲ್ಲದೆ. ಒಂದೊಂದು ಸಿಕ್ಕಿದಾಗಲೂ ಅವಳ ಕೈಯ ಒಂದೊಂದು ಬೆರಳಿನ ಕೆಲಸ ಹೋಯಿತು.

ಅಜ್ಜಿ ಆಸಿಯಮ್ಮ ಹೇಳುತ್ತಿದ್ದ ಕತೆ ನೆನಪಾಗುತ್ತಿತ್ತು. ಒಬ್ಬಳು ಸೊಸೆಗೆ ಒಂದು ಜಿನ್ನ್ ವರ ಕೊಟ್ಟಿತಂತೆ, ನಿನ್ನ ಕೆಲಸವೆಲ್ಲ ನಿನ್ನ ನೆರಳು ಮಾಡಲಿ ಎಂದು. ನೆರಳು ಮೀನು ಕೊಯ್ದಿತು, ಅಕ್ಕಿ ಅರೆಯಿತು, ಅತ್ತೆಯ ಕಾಲೊತ್ತಿತು. ಸೊಸೆ ಅಟ್ಟದಲ್ಲಿ ಮಲಗಿ ಹಂಚಿನ ಸಂದಿಯಿಂದ ಮೋಡ ನೋಡಿದಳು. ಒಂದು ದಿನ ಹಸಿವಾಗಿ ಕೆಳಗಿಳಿದರೆ ಅತ್ತೆ ನೆರಳಿಗೇ ಬಡಿಸುತ್ತಿದ್ದಳಂತೆ.

"ಆಮೇಲೆ?" ಎಂದು ಕೇಳಿದರೆ ಅಜ್ಜಿ, "ಆಮೇಲೆ ಎಂತ, ಮಲಗು" ಎನ್ನುತ್ತಿದ್ದಳು.

"ಇಲ್ಲಿ ನೋಡು, ಸಿಕ್ಕಿತು."

ಪಕ್ಕದ ಸೀಟಿನ ಲೊರ್ನಾಳ ದನಿ. ಕಿರಿಯರಿಗೆಲ್ಲ ಅವಳು ಲೊರ್ನಾ ಬಾಯಿ. ಕಲ್ಯಾಣಪುರದವಳು, ಐವತ್ತು ದಾಟಿದವಳು. ನೌಶೀನ್ ತುಂಬಿದ ಪುಟಗಳನ್ನು ಆಗಿಂದಾಗಲೇ ಮೂಲದೊಡನೆ ತಾಳೆ ನೋಡಿ ತಪ್ಪು ಹಿಡಿಯುವುದು ಅವಳ ಕೆಲಸ. ಪರದೆಗೆ ಮರದ ಸ್ಕೇಲ್ ಅಡ್ಡ ಹಿಡಿದು ಒಂದೊಂದೇ ಸಾಲು ಇಳಿಯುತ್ತಾಳೆ.

"ಮೂರಕ್ಕೆ ಎಂಟು ಹೊಡೆದಿದ್ದಿ. ಯಾರ ಧ್ಯಾನದಲ್ಲಿದ್ದಿ ಮಾರಾಯ್ತಿ?"

"ಯಾರದ್ದೂ ಇಲ್ಲ ಬಾಯಿ."

"ಹೌದು ಹೌದು. ನಾನೂ ಹೀಗೇ ಹೇಳುತ್ತಿದ್ದೆ. ಆಮೇಲೆ ಅವನನ್ನೇ ಕಟ್ಟಿಕೊಂಡೆ."

ಲೊರ್ನಾ ನಕ್ಕಳು. ತಪ್ಪು ಸಿಕ್ಕಿದ ದಿನ ಅವಳ ಮುಖ ತೊಳೆದ ಹಾಗಿರುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿ, ಮಟ್ಟುಗುಳ್ಳ ಬದನೆ ಹಾಕಿದ ಒಣ ಸಿಗಡಿಯ ಪಲ್ಯವನ್ನು ನೌಶೀನಳ ತಟ್ಟೆಗೆ ಕೇಳದೆಯೇ ಬಡಿಸಿದಳು.

ತಟ್ಟೆ ತೊಳೆದು ಬರುವಷ್ಟರಲ್ಲಿ ಲೆಸ್ಟರ್ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದ.

"ಲೊರ್ನಾ ಮೇಡಂ, ಸ್ವಲ್ಪ ಒಳಗೆ ಬನ್ನಿ."

ಇಬ್ಬರೂ ಭಾನುವಾರ ಪ್ರಾರ್ಥನೆಗೆ ಹೋಗುವುದು ಒಂದೇ ಇಗರ್ಜಿಗೆ. ಲೆಸ್ಟರ್ ಅವಳೊಡನೆ ಯಾವಾಗಲೂ ಕೊಂಕಣಿಯಲ್ಲೇ ಮಾತಾಡುವವನು. ಇಂದು ಕನ್ನಡದಲ್ಲಿ ಕರೆದಿದ್ದ. ಲೊರ್ನಾ ಒಂದು ಕ್ಷಣ ನಿಂತು ಸೆರಗು ಸರಿಮಾಡಿಕೊಂಡಳು.

"ನನ್ನ ಚುಕ್ಕೆ ನೋಡಿಕೊ" ಎಂದಳು ಮೆಲ್ಲಗೆ.

ಅದು ಆ ಕೋಣೆಯ ಪದ್ಧತಿ. ಯಾರಾದರೂ ಎದ್ದುಹೋದರೆ ಪಕ್ಕದವರು ಅವರ ಮೌಸನ್ನು ಅಲ್ಲಾಡಿಸುತ್ತಿರಬೇಕು. ನೌಶೀನಳಿಗೆ ಕೈ ಆಡಿಸಲೂ ಬೇಸರವಾಯಿತು. ಬಾಣ ಸರಿಸುವ ಉಪಕರಣವನ್ನೇ ಲೊರ್ನಾಳ ಕಂಪ್ಯೂಟರಿಗೂ ಇಳಿಸಿ ಬಿಟ್ಟಳು. ಲೊರ್ನಾಳ ಬಾಣ ತಾನೇ ಓಡಾಡತೊಡಗಿತು.

ಗಾಜಿನಾಚೆ ಲೆಸ್ಟರ್ ಒಂದು ಪುಟವನ್ನು ಬೆರಳಿನಿಂದ ತೋರಿಸುತ್ತಿದ್ದ. ನೌಶೀನಳಿಗೆ ಆ ಪುಟ ದೂರದಿಂದಲೇ ಗೊತ್ತಾಯಿತು.

ಕಳೆದ ವಾರದ್ದು. ಅಂದು ಅವಳಿಗೆ ವಿಪರೀತ ಬೇಸರ ಹಿಡಿದಿತ್ತು. ಸುಲಭದ ತಪ್ಪುಗಳನ್ನು ಇಟ್ಟೂ ಇಟ್ಟೂ ಸಾಕಾಗಿ, ಒಂದನ್ನು ನಿಜವಾಗಿಯೂ ಅಡಗಿಸೋಣ ಅನ್ನಿಸಿತ್ತು. ಔಷಧದ ಪ್ರಮಾಣದಲ್ಲಿ ದಶಮಾಂಶ ಬಿಂದುವನ್ನು ಒಂದೇ ಒಂದು ಮನೆ ಆಚೆ ಇಟ್ಟಿದ್ದಳು. ಲೊರ್ನಾಳ ಸ್ಕೇಲ್ ಆ ಸಾಲನ್ನು ದಾಟಿ ಕೆಳಗಿಳಿಯಿತು. ಸಂಜೆಯೊಳಗೆ ಹೇಳಬೇಕು ಎಂದು ನೌಶೀನ್ ಅಂದುಕೊಂಡಿದ್ದಳು. ಸಂಜೆ ಬಸ್ಸು ಬೇಗ ಬಂತು.

ನೌಶೀನ್ ಎದ್ದಳು. ಕ್ಯಾಬಿನ್ನಿನ ತನಕ ನಡೆದಳು. ಬಾಗಿಲು ತಳ್ಳಿದಳು.

"ಎಂತ ನೌಶೀನ್?"

ಲೊರ್ನಾ ತಿರುಗಿ ನೋಡಿದಳು. ಕಣ್ಣು ಕೆಂಪಾಗಿತ್ತು.

ಬೇಕಂತಲೇ ಮಾಡಿದ್ದು ನಾನು ಎಂದರೆ, ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಿದರೆ, ಹೇಗೆ ಎಂದು ಕೇಳುತ್ತಾನೆ. ಹೇಗೆ ಎಂಬುದು ಗೊತ್ತಾದ ಮೇಲೆ ಲೊರ್ನಾಳೂ ಬೇಡ, ಯಾರೂ ಬೇಡ.

"ಪ್ರಿಂಟರಿನಲ್ಲಿ ಪೇಪರ್ ಇಲ್ಲ ಸರ್."

"ಆಮೇಲೆ ನೋಡುವ."

ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಲೊರ್ನಾ ಹೊರಬಂದಾಗ ಯಾರೂ ತಲೆಯೆತ್ತಲಿಲ್ಲ. ಅವಳು ಪರದೆಯ ಕಡೆ ನೋಡದೆ ಬ್ಯಾಗು, ಡಬ್ಬಿ, ನೀರಿನ ಬಾಟಲಿ ಎತ್ತಿಕೊಂಡಳು.

"ಕ್ಲೈಂಟ್ ಹಿಡಿದರಂತೆ. ನಾಳೆಯಿಂದ ಬರುವುದು ಬೇಡ ಅಂದ."

"ಬಾಯಿ, ಅದು ನಾನು..."

"ನೀನೆಂತ ಮಾಡುತ್ತಿ. ಟೈಪು ಮಾಡುವವರಿಗೆ ತಪ್ಪುವುದು ಉಂಟು. ಹಿಡಿಯುವುದಕ್ಕಲ್ವಾ ನಾನು ಇದ್ದದ್ದು?" ಲೊರ್ನಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಸ್ಕೇಲ್ ಇಟ್ಟೇ ನೋಡಿದ್ದೆ. ಕಣ್ಣು ತೋರಿಸಬೇಕು."

ಮೆಟ್ಟಿಲಿನಲ್ಲಿ ಡಬ್ಬಿಯ ಸದ್ದು ಕೆಳಗೆ ಕೆಳಗೆ ಇಳಿಯಿತು.

ನೌಶೀನ್ ಕುಳಿತಳು. ಬೇಕಾಗಿದ್ದ ಮೂರನೆಯ ತಪ್ಪು ಇನ್ನೂ ಬಾಕಿ ಇತ್ತು.

ಸಂಜೆಗೆ ಮುಂಚೆ ಲೆಸ್ಟರ್ ಅವಳ ಮೇಜಿನ ಬಳಿ ಬಂದ. "ಇನ್ನು ಚೆಕ್ಕಿಂಗ್ ಕೂಡ ನೀವೇ ಮಾಡಿ. ನೀವು ಫಾಸ್ಟ್ ಅಲ್ವಾ."

"ನಾನು ಮಾಡಿದ್ದನ್ನು ನಾನೇ ಚೆಕ್ ಮಾಡುವುದಾ ಸರ್?"

"ನಿಮ್ಮ ತಪ್ಪು ನಿಮಗೆ ಬೇಗ ಗೊತ್ತಾಗ್ತದೆ."

ತಮಾಷೆಗೆ ಹೇಳಿದನೋ, ಹಾಗೆಯೇ ಹೇಳಿದನೋ ತಿಳಿಯಲಿಲ್ಲ. ಅವನು ಹೋದ.

ಪರದೆಗೆ ಒರಗಿಸಿಟ್ಟ ಸ್ಕೇಲನ್ನು ಲೊರ್ನಾ ಮರೆತು ಹೋಗಿದ್ದಳು. ಅದರ ಹಿಂದೆ ಪರದೆಯ ಮೇಲೆ ಅವಳ ಬಾಣ ಇನ್ನೂ ಓಡಾಡುತ್ತಿತ್ತು. ಸ್ವಲ್ಪ ಎಡಕ್ಕೆ, ನಿಂತು, ಏನೋ ನೆನಪಾದಂತೆ ಮೇಲಕ್ಕೆ. ನಿಲ್ಲಿಸಬೇಕೆಂದು ನೌಶೀನ್ ಮೌಸ್ ಹಿಡಿದಳು. ಬಾಣ ಅವಳ ಕೈಗೆ ಒಲ್ಲೆನೆಂಬಂತೆ ಬೇರೆ ಕಡೆಗೆ ಜಾರಿತು. ಕೈ ಹಿಂದಕ್ಕೆ ಬಂತು.

ಎದ್ದು ಕ್ಯಾಬಿನ್ನಿನತ್ತ ನಡೆದಳು. ಈಗಲಾದರೂ ಹೇಳಬೇಕು. ಗಾಜಿನೊಳಗೆ ದೊಡ್ಡ ಪರದೆ ಬೆಳಗುತ್ತಿತ್ತು. ಲೊರ್ನಾಳ ಹೆಸರಿನ ಪಕ್ಕ ಹಸಿರು ಚುಕ್ಕೆ. ಅದರ ಕೆಳಗೆ ನೌಶೀನಳ ಹೆಸರು. ಅದಕ್ಕೂ ಹಸಿರು ಚುಕ್ಕೆ.

ಲೆಸ್ಟರ್ ಫೋನಿನಲ್ಲಿದ್ದ. ಚುಕ್ಕೆಗಳ ಮೇಲೆ ಒಮ್ಮೆ ಕಣ್ಣಾಡಿಸಿದ.

"ಹೌದು ಸರ್, ನೋಡುತ್ತಾ ಇದ್ದೇನೆ" ಎನ್ನುತ್ತಿದ್ದ. "ಎಲ್ಲರೂ ಸೀಟಿನಲ್ಲೇ ಇದ್ದಾರೆ."

ನೌಶೀನ್ ಗಾಜಿನ ಈಚೆ, ಅವನ ಎದುರಿಗೇ ನಿಂತಿದ್ದಳು.